ಮುನ್ನೂರರವತ್ತು ಅಡಿ

ಉಳ್ಳಾಲದ ಕಡೇ ಬಸ್ಸು ಹೊರಡುವುದು ಒಂಬತ್ತೂ ಐವತ್ತಕ್ಕೆ,
ಸಿನಿಮಾ ಬಿಡುವುದು ಅದರ ಎರಡು ನಿಮಿಷ ಆಮೇಲೆ.
"ನಾಲ್ಕು ನಿಮಿಷ ತೆಗೀರಿ ಮಾರಾಯ್ರೆ,
ಕಡೆಯಲ್ಲಿ ಹೇಗೂ ಮಾತಿಲ್ಲ"
ಎಂದರು ಯಜಮಾನರು, ಎಲೆಯಡಿಕೆ ಚೆಲ್ಲದ ಹಾಗೆ ಬಾಯಿ ಮೇಲೆತ್ತಿ.

ಬೊಂಬಾಯಿಯ ಆ ಮುದುಕ ನಿರ್ದೇಶಕ ಆಗಲೇ ಸತ್ತು ಎರಡು ತಿಂಗಳು.
ಎಪ್ಪತ್ತೆಂಟರಲ್ಲಿ ಇವನಿಗೇಕೆ ಪ್ರೇಮದ ಕತೆ
ಎಂದು ಬರೆದಿದ್ದವು ಪತ್ರಿಕೆಗಳು.
ಬಾಲ್ಕನಿಯಲ್ಲಿ ಹನ್ನೊಂದು ಜನ,
ಕೆಳಗೆ ಧಕ್ಕೆಯಿಂದ ಬಂದ, ಮೀನಿನ ವಾಸನೆಯ ಇಪ್ಪತ್ತು.

ಗ್ರೆಗರಿ ಮಿಸ್ಕಿತರು ಕತ್ತರಿ ಹಿಡಿದರು, ನಾನು ಅಂಟು.
ಹಾವು ಪೊರೆ ಬಿಟ್ಟ ಹಾಗೆ
ಮೊಣಕಾಲ ಮೇಲೆ ಸುರುಳಿ ಬಿತ್ತು
ಮುನ್ನೂರರವತ್ತು ಅಡಿ.
"ಪೆಟ್ಟಿಗೆ ವಾಪಸು ಹೋಗುವ ದಿನ ಮತ್ತೆ ಜೋಡಿಸು" ಎಂದಿದ್ದರು.
ಜೋಡಿಸಲಿಲ್ಲ.
ಮರೆತೆ ಎಂದು ಹೇಳಿಕೊಂಡೆ, ಬಹಳ ವರ್ಷ.
ಉಡುಪಿ, ಕುಂದಾಪುರ, ಭಟ್ಕಳ:
ಇಡೀ ಕರಾವಳಿಯಲ್ಲಿ ಆ ಇಬ್ಬರು ಸಿಗದೆಯೇ
ದೀಪ ಹತ್ತಿತು, ಜನ ಎದ್ದರು,
ಕುರ್ಚಿಗಳು ಪಟಪಟನೆ ಮಡಚಿಕೊಂಡವು.

ಟಿಕೇಟು ಹರಿಯುವ ರೆಜಿನಾ
ಮೂರನೇ ವಾರ ದಿನವೂ ಪರದೆಯ ಪಕ್ಕ ನಿಂತು ನೋಡಿದಳು.
ಒಂದು ರಾತ್ರಿ, ಚಿಲ್ಲರೆ ಎಣಿಸುತ್ತ,
"ಹಾಗಾದರೆ ಸಿಗುವುದೇ ಇಲ್ಲ ಅಲ್ವ" ಎಂದಳು.
ಎರಡು ರೂಪಾಯಿಯ ನಾಣ್ಯ ಒಂದು ಕಡಿಮೆಯಿತ್ತು.
ಬೆಂಚಿನ ಕೆಳಗೆ ಹುಡುಕಿದೆ.
ಮೇಲೆ, ಗೂಡಿನಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇತ್ತು ಉತ್ತರ.
ನಾಣ್ಯ ಸಿಕ್ಕಿತು, ಕೊಟ್ಟೆ.
ಮುಂದಿನ ತಿಂಗಳು ಅವಳು ಬಹರೈನಿಗೆ ಹೋದಳು.

ಟಾಕೀಸು ಈಗ ಬಟ್ಟೆ ಅಂಗಡಿ.
ಗೂಡು ಇದ್ದಲ್ಲಿ ಮದುವೆ ಸೀರೆಗಳು, ಎರಡನೇ ಮಹಡಿ, ಲಿಫ್ಟು ಇದೆ.
ಬೊಂಬಾಯಿಯಲ್ಲಿ ಆ ನಾಲ್ಕು ನಿಮಿಷದ ಮೇಲೆ
ಭಾಷಣ ಮಾಡುತ್ತಾರಂತೆ ದೊಡ್ಡವರು:
ಮುದುಕ ಬಿಟ್ಟುಹೋದದ್ದು ಅಷ್ಟೇ, ಅಷ್ಟು ಸಾಕು ಎಂದು.
ನಾನು ಭಾಷಣ ಕೇಳಿದವನಲ್ಲ, ಚೌಕ ಎಣಿಸಿದವನು.
ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ.
ತಲೆ ನರೆತ ಇಬ್ಬರು, ದೋಣಿಯ ಹಲಗೆ,
ಅವನು ಕಿತ್ತಳೆ ಸುಲಿದು ಅರ್ಧ ಕೊಡುತ್ತಾನೆ,
ಅವಳು ಬೀಜವನ್ನು ಅಂಗೈಗೆ ಉಗಿಯುತ್ತಾಳೆ.
ಅಷ್ಟೇ. ಮತ್ತೆ ನೀರು. ಮತ್ತೆ ಮುದುಕನ ಹೆಸರು.
ಆ ಕೈಯಿಂದ ಈ ಕೈಗೆ ಬರಲು ಹಣ್ಣಿಗೆ
ಐವತ್ತೆರಡು ಚೌಕ ಬೇಕು.
ಡಬ್ಬಿ ತೆರೆದರೆ ಈಗ ಹುಳಿ ವಾಸನೆ.
ನೀಲಿ ಹೋಯಿತು, ಹಸಿರು ಹೋಯಿತು,
ಕಡಲು, ಕಿತ್ತಳೆ, ಅವಳ ಹಣೆ
ಎಲ್ಲ ಒಂದೇ ಪುನರ್ಪುಳಿ ಬಣ್ಣ.

ಹೋದ ವರ್ಷ ಮೊಂತಿ ಹಬ್ಬಕ್ಕೆ ರೆಜಿನಾ ಬಂದಿದ್ದಳು.
ಕನ್ನಡಕ, ಮಂಡಿನೋವು, ಮೊಮ್ಮಗಳ ಫೋನು.
ಸ್ಟೇಟ್‌ಬ್ಯಾಂಕಿನ ಬಸ್‌ಸ್ಟಾಂಡಿನಲ್ಲೇ ತೋರಿಸಿದಳು:
"ನೋಡು, ಕಡೆಯಲ್ಲಿ ಸಿಗ್ತಾರೆ.
ನಮ್ಮಲ್ಲಿ ಯಾಕೆ ಹಾಗಿರಲಿಲ್ಲ?"

"ಉಳ್ಳಾಲದ ಬಸ್ಸಿತ್ತಲ್ಲ" ಎಂದೆ.

ಅವಳು ನಗಲಿಲ್ಲ. ಬೆರಳು ತಾಗಿ ಚಿತ್ರ ನಿಂತಿತು.
ಕಿತ್ತಳೆ ಅಲ್ಲಿ ಕಿತ್ತಳೆಯಾಗಿಯೇ ಇತ್ತು,
ಇಬ್ಬರ ಬೆರಳೂ ಅದರ ಮೇಲೆ.
ಇಪ್ಪತ್ತೊಂಬತ್ತನೆಯ ಚೌಕ.
ನನಗೆ ಗೊತ್ತು.