ಮೂವತ್ತನಾಲ್ಕು ಜವೆಕಾಳು

ಮಳೆ ಹೊಳವಾದ ಮರುದಿನ
ಅಕ್ಸೂಮಿನ ಹೊಲಗಳಲ್ಲಿ ಮಕ್ಕಳು ಬಗ್ಗಿ ನಡೆಯುತ್ತಾರೆ.
ಮಣ್ಣು ಕೊಚ್ಚಿಹೋದ ಕಡೆ ಅರಸರು ಮೇಲೆ ಬರುತ್ತಾರೆ,
ಬಹುಪಾಲು ತಾಮ್ರದವರು, ಹಸಿರುಗಟ್ಟಿದವರು,
ಎಲ್ಲೋ ಅಪರೂಪಕ್ಕೊಬ್ಬ ಚಿನ್ನದವನು.

ಅಂಥವನೊಬ್ಬನನ್ನು ಬಿಳಿ ಶಾಲಿನ ಅಂಚಿಗೆ ಗಂಟು ಹಾಕಿಕೊಂಡು
ಅಬ್ರೆಹೆತ್ ನನ್ನ ಅಂಗಡಿಗೆ ಬಂದಳು.
ಕರಗಿಸು, ಎಂದಳು. ಮಗಳಿಗೆ ಓಲೆ.
ತಿಮ್ಕತ್ ಹಬ್ಬ ಕಳೆದ ವಾರಕ್ಕೆ ಮದುವೆ.

ಹೆಬ್ಬೆರಳ ಉಗುರಿನಷ್ಟು ಅಗಲ. ಮಸೂರ ಹಿಡಿದೆ.
ಎರಡೂ ಕಡೆ ಅವನೇ.
ಇತ್ತ ಕಿರೀಟ, ಕೈಯಲ್ಲೊಂದು ಕೋಲು;
ಅತ್ತ ಬರೀ ತಲೆವಸ್ತ್ರ,
ಬೆಳಗ್ಗೆ ಕಾಲುವೆಗೆ ನೀರು ತಿರುಗಿಸಲು ಹೊರಟವನ ಹಾಗೆ.
ಸುತ್ತ ಗ್ರೀಕ್ ಅಕ್ಷರ, ಕಡಲಾಚೆಯ ವ್ಯಾಪಾರಿಗಳಿಗೆ.
ಉತ್ತವರಿಗೆ ಅದು ಆಗಲೂ ಓದಲು ಬರುತ್ತಿರಲಿಲ್ಲ,
ಈಗಲೂ ಇಲ್ಲ.

ಹೆಸರು ಸವೆದಿದೆ.
ಹೆಸರು ಸವೆದವನ ಮೇಲೆ ಕಥೆ ಚೆನ್ನಾಗಿ ಬೆಳೆಯುತ್ತದೆ.
ಪಾದ್ರಿ ಮೆರಾವಿ ಹೇಳುವ ಪ್ರಕಾರ
ಇವನು ಸತ್ತಾಗ ಆನೆಗಳು ಮೂರು ದಿನ ಮೇವು ಮುಟ್ಟಲಿಲ್ಲ.
ಮ್ಯೂಸಿಯಂ ಕಾವಲುಗಾರನ ಪ್ರಕಾರ
ಒಂಬತ್ತು ಹಡಗು ಕಳಿಸಿದ, ಹತ್ತು ಮರಳಿದವು.
ನಮ್ಮಜ್ಜ ಮಾತ್ರ, ಅಯ್ಯೋ, ಇದು ಅರಸನ ಮುಖವೇ ಅಲ್ಲ,
ಅಚ್ಚು ಕೊರೆದವನು ತನ್ನ ಮಾವನನ್ನು ಕೂರಿಸಿದ್ದಾನೆ,
ಅರಸನನ್ನು ಹತ್ತಿರದಿಂದ ಕಂಡವರು ಯಾರು, ಅನ್ನುತ್ತಿದ್ದ.

ನಾನು ಅಕ್ಕಸಾಲಿ. ನನ್ನ ಪಾಲಿಗೆ ಒರೆಗಲ್ಲೇ ಪುರಾಣ.
ಕರಿಗಲ್ಲಿನ ಮೇಲೆ ಎಳೆದೆ:
ಗೆರೆ ಹಾಲು ಬೆರೆತ ಅರಿಶಿನದ ಬಣ್ಣ.
ಆಮ್ಲದ ಒಂದು ಹನಿ ಬಿದ್ದು
ದಿಗ್ವಿಜಯ ತೆಳ್ಳಗಾಯಿತು.
'ಅರ್ಧಕ್ಕರ್ಧ ಬೆಳ್ಳಿ, ಅಬ್ರೆಹೆತ್.
ಇವನ ಮುತ್ತಜ್ಜ ಚೊಕ್ಕವಿದ್ದ, ಅಜ್ಜ ಪರವಾಗಿಲ್ಲ,
ಇವನ ಹೊತ್ತಿಗೆ ಬೊಕ್ಕಸ ಬರಿದು.'

ಅವಳು ಬೇಸರಪಡುತ್ತಾಳೆ ಅಂದುಕೊಂಡಿದ್ದೆ. ನಕ್ಕಳು.
'ನೆಂಟರು ಹೆಚ್ಚಾದರೆ ನಾನೂ ಸಿವಾಗೆ ನೀರು ಬೆರೆಸುತ್ತೇನೆ.
ಕುಡಿದವರು ಹಾಡುವುದನ್ನೇನೂ ಬಿಟ್ಟಿಲ್ಲ.'

ಅಪ್ಪ ಇಂಥ ಎಷ್ಟು ಜನರನ್ನು ಕರಗಿಸಿದನೋ.
ಮೊದಲು ಮೂಗು ಹೋಗುತ್ತದೆ, ಕೊನೆಗೆ ಅಂಚು, ಅನ್ನುತ್ತಿದ್ದ.
ನಮ್ಮ ಊರಿನ ಮದುವೆಯಲ್ಲಿ ಹುಡುಗಿಯರು ಕತ್ತು ಹೊರಳಿಸಿದರೆ
ಒಂದೊಂದು ವಂಶವೇ ಕಿವಿಯಲ್ಲಿ ಅಲ್ಲಾಡುತ್ತದೆ.

ಮೂಸೆ ಕೆಂಪಾಗುವ ತನಕ ನೋಡುತ್ತಿರು ಎಂದು
ಮಸೂರವನ್ನು ಅವಳ ಕೈಗೆ ಕೊಟ್ಟೆ.
ಅವಳು ಮುಖ ನೋಡಲಿಲ್ಲ.
ಮುಖದ ಎರಡು ಪಕ್ಕಕ್ಕೂ ನಿಂತ ತೆನೆಗಳನ್ನು ನೋಡಿದಳು,
ಬಹಳ ಹೊತ್ತು.

'ಗೋಧಿ ಅಂದಿದ್ದೆಯಲ್ಲ, ಗೋಧಿಯಲ್ಲ. ಜವೆ.
ಬಲಿತಿಲ್ಲ ಇದು, ನೆಟ್ಟಗಿದೆ ನೋಡು.
ಇನ್ನೆರಡು ವಾರ ತಡೆಯಬೇಕಿತ್ತು.'
ಆಮೇಲೆ, ತನಗೇ ಹೇಳಿಕೊಂಡಂತೆ,
'ಹಸಿ ತೆನೆ ಯಾರು ಕೊಯ್ಯುತ್ತಾರೆ?
ಕಣಜ ಗುಡಿಸಿದವರು. ಆ ವರ್ಷ ನಾವೂ ಕೊಯ್ದೆವು.'

ಆ ವರ್ಷ ಎಂದರೆ ಯಾವುದು ಎಂದು ಇಲ್ಲಿ ಯಾರೂ ಕೇಳುವುದಿಲ್ಲ.
ಆ ವರ್ಷವೇ ಸೈನಿಕರು ನನ್ನ ಹಿತ್ತಾಳೆ ಬಟ್ಟುಗಳನ್ನೂ ಒಯ್ದರು.
ಅಂದಿನಿಂದ ಜವೆಕಾಳಲ್ಲೇ ತೂಗುತ್ತೇನೆ,
ಸಮ ಗಾತ್ರದವನ್ನು ಆರಿಸಿ, ಡಬ್ಬಿಯಲ್ಲಿಟ್ಟು.

ಮೂಸೆ ಕೆಂಪಾಗಿತ್ತು. ತೂಗಿಬಿಡೋಣ ಮೊದಲು, ಎಂದೆ.
ಒಂದು ತಟ್ಟೆಯಲ್ಲಿ ಅವನು, ತಲೆವಸ್ತ್ರ ಮೇಲಾಗಿ.
ಇನ್ನೊಂದರಲ್ಲಿ ಎಣಿಸುತ್ತ ಹೋದೆ,
ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕು.
ಮುಳ್ಳು ನಿಂತಿತು.

ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದಾಗ
ಅಬ್ರೆಹೆತ್ ಕೈ ಚಾಚಿ, ಕಾಳಿನ ತಟ್ಟೆಯಿಂದ
ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು
ಕಟುಂ ಎಂದು ಕಡಿದಳು.
'ಇದು ಬಲಿತದ್ದು,' ಎಂದಳು.

ಅರಸನ ತಟ್ಟೆ
ಕೂದಲೆಳೆಯಷ್ಟು ಕೆಳಗಿಳಿಯಿತು.