ಒತ್ತಬೇಡಿ

ಪುಟ್ಟ ಯಂತ್ರ ಕೊಳ್ಳಲು ಬಂದವರು ಮೊದಲು ಕೇಳುವುದು
ನಿಮಿಷಕ್ಕೆ ಎಷ್ಟು ಸುತ್ತು ಅಂತ.
ಎತೆಲ್ಕಾ ಕೇಳಲಿಲ್ಲ.
ಕೈಚೀಲದೊಳಗಿಂದ ಒಂದು ಹೆಬ್ಬಾತಿನ ಮೊಟ್ಟೆ ತೆಗೆದು
ಗಲ್ಲಾಪೆಟ್ಟಿಗೆಯ ಪಕ್ಕ, ಮೊಳೆಗಳ ತಟ್ಟೆಯಲ್ಲಿಟ್ಟು
"ಇದಕ್ಕೆ ನೋವಾಗದಂಥದು ಕೊಡಿ" ಎಂದಳು.

ಸೆಗೆಡ್‌ ಊರಲ್ಲಿ ನಲವತ್ತು ವರ್ಷದಿಂದ ಅಂಗಡಿ ನನ್ನದು.
ಬಾಗಿಲಿಗೆ, ಬೀಗಕ್ಕೆ, ತಿಸಾ ನದಿಯ ದೋಣಿಗಳ ತಳಕ್ಕೆ
ಏನು ಬೇಕೋ ಬಲ್ಲೆ.
ಮೊಟ್ಟೆ ಹೊಸದು.

ಮೊದಲನೆಯದನ್ನು ಎತ್ತಿದಳು, ಇಳಿಸಿದಳು.
"ಕೊಬ್ಬಿದ ಕರು. ಅರ್ಧ ಗಂಟೆಗೆ ಮಣಿಕಟ್ಟು ಬಿದ್ದುಹೋದೀತು."
ಎರಡನೆಯದು ಬ್ಯಾಟರಿಯದು, ಹಗುರ, ಚೂಟಿ,
ಆದರೆ ಮೂತಿ ನಡುಗುತ್ತಿತ್ತು
ಕೂದಲೆಳೆಯಷ್ಟು.
ಮರಕ್ಕೆ ಅದು ಲೆಕ್ಕಕ್ಕಿಲ್ಲ,
ಮೊಟ್ಟೆಗೆ ಭೂಕಂಪ.
ಮೂರನೆಯದರ ಮೋಟಾರು ಗೂಟಕ್ಕೆ ನೇತುಬಿದ್ದಿತ್ತು;
ಬಳುಕುವ ಕೊಳವೆಯ ಕೊನೆಗೆ ಬರೀ ಪೆನ್ನಿನಷ್ಟು ಹಿಡಿ.
ಕಣ್ಣು ಮುಚ್ಚಿ ಕಿವಿಯ ಹತ್ತಿರ ಹಿಡಿದು ಆಲಿಸಿದಳು,
ಕಲ್ಲಂಗಡಿ ತಟ್ಟಿ ನೋಡುವವರ ಹಾಗೆ.

"ವೇಗ ಕಾಲಲ್ಲಿ," ಎಂದೆ, "ಟ್ರಾಮಿನ ಡ್ರೈವರಿಗಿದ್ದ ಹಾಗೆ."
ಆಗ ನಕ್ಕಳು.
"ನಾನು ಟ್ರಾಮಿನಲ್ಲೇ ಇದ್ದವಳು. ಟಿಕೆಟ್ ತಪಾಸಣೆ.
ಮೂವತ್ತೊಂದು ವರ್ಷ ಕಂಡವರ ತೂತು ನೋಡಿದ್ದೇ ಕೆಲಸ."

ಬೆಲೆ ಕೇಳಿ ಸುಮ್ಮನಾದಳು. ಎರಡು ಕಂತು ಎಂದೆ.
ಜೊತೆಗೆ, ನನ್ನ ಹಲ್ಲಿನ ಡಾಕ್ಟರು ಎಸೆಯಲಿದ್ದ
ಕೊರೆಮೊನೆಗಳ ಡಬ್ಬಿಯೊಂದು ಪುಕ್ಕಟೆ:
ಹಲ್ಲಿಗೆ ಹಳತು, ಚಿಪ್ಪಿಗೆ ಇನ್ನೂ ಹರಿತ.
ಕನ್ನಡಕ ಹಾಕಿ, ಮೂಗು ಮುಚ್ಚಿಕೊಳ್ಳಿ,
ಸುಣ್ಣದ ಧೂಳು ಒಳ್ಳೆಯದಲ್ಲ,
ಮತ್ತೆ ಮುಖ್ಯ,
ಒತ್ತಬೇಡಿ.
ತಿರುಗುವುದು ಅದರ ಪಾಲಿನ ಕೆಲಸ,
ಹಿಡಿದೂ ಹಿಡಿಯದಂತೆ ಇರುವುದು ನಿಮ್ಮದು.

ಚಳಿಗಾಲವಿಡೀ ಸುದ್ದಿ ಬರುತ್ತಿತ್ತು, ಒಡೆದದ್ದೇ ಸುದ್ದಿ.
ಹದಿನಾಲ್ಕು ಹೋದವು.
ಒಂದಂತೂ ಮುಗಿಸಿ, ಧೂಳು ಊದಿ, ಮೇಜಿನ ಮೇಲಿಟ್ಟ ಮೇಲೆ
ತಾನೇ ಟಪ್ ಎಂದಿತಂತೆ.
ಊದಿ ತೆಗೆದ ಲೋಳೆ, ಭಂಡಾರ, ಎಲ್ಲ ಆಮ್ಲೆಟ್ಟಾಗಿ
ಮೆಟ್ಟಿಲು ಹತ್ತಿ ಇಳಿದು ಮನೆಮನೆಗೂ ಹೋಯಿತು;
ಮೂರನೇ ಮಹಡಿಯ ಬೋದೋಗ್ ಮಾಮ
ಅವಳ ಚಪ್ಪಲಿ ಸದ್ದಿಗೆ ದೀಪ ಆರಿಸತೊಡಗಿದ.

ಮಾರ್ಚಿಯಲ್ಲಿ ಯಂತ್ರ ಹೊತ್ತು ಬಂದಳು. ನಿಂತುಹೋಗಿತ್ತು.
ಬಿಚ್ಚಿದೆ. ಒಳಗೆಲ್ಲ ಹಿಟ್ಟಿನಂಥ ಬಿಳಿ,
ಕಾರ್ಬನ್ ಬ್ರಷ್ ಸವೆದು ಉಗುರಿನಷ್ಟು.
ಒರೆಸಿದೆ, ಬದಲಿಸಿದೆ, ಹಣ ಬೇಡ ಎಂದೆ.
ಅವಳು ಉಣ್ಣೆಯ ಕಾಲುಚೀಲದಿಂದ
ಒಂದು ಮೊಟ್ಟೆ ಬಿಡಿಸಿ ಕೊಟ್ಟಳು.

ಟುಲಿಪ್ ಇರಬಹುದು, ಹಕ್ಕಿ ಇರಬಹುದು ಎಂದುಕೊಂಡಿದ್ದೆ.
ಹಬ್ಬ ಹತ್ತಿರವಿತ್ತಲ್ಲ.
ಬರೀ ತೂತುಗಳು.
ಮೂರು, ನಾಲ್ಕು, ಒಂದು ಬಿಟ್ಟು ಎರಡು,
ಚೌಕ ಚೌಕವಾಗಿ ಸುತ್ತಲೂ.
"ಒಂದನೇ ನಂಬರಿನ ಟ್ರಾಮು ಹೀಗೆ ಚುಚ್ಚುತ್ತಿತ್ತು.
ಇದು ಎರಡನೆಯದು. ಇದು ಗುಜರಿಗೆ ಹೋದ ಹಳೇ ಗಾಡಿ."

ಬಾಗಿಲ ಬೆಳಕಿಗೆ ಹಿಡಿದೆ.
ಒಂದು ತೂತು ಮಾತ್ರ ತೂತಾಗಿರಲಿಲ್ಲ;
ಚಿಪ್ಪು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ
ಬೆಳಕು ಅರ್ಧಕ್ಕೆ ನಿಂತಿತ್ತು.
"ಇದು ತಪ್ಪಿತೋ?"

"ಆಸ್ಪತ್ರೆ ಸ್ಟಾಪು. ಹುಡುಗಿಯ ಕೈಯಲ್ಲಿ ಕೂಸು.
ಟಿಕೆಟ್ಟಿಗೆ ಅರ್ಧ ಗುರುತು ಬಿದ್ದಿತ್ತು, ಅಷ್ಟೇ.
ಸರಿಯಾಗಿ ಒತ್ತಿಲ್ಲ ಅಂತ
ದಂಡ ಬರೆದೆ."

ನಾನು ಮೊಟ್ಟೆಯನ್ನು ಕಾಲುಚೀಲದೊಳಗೆ ಇಳಿಸುತ್ತಿದ್ದೆ,
ಆಗುತ್ತಿರಲಿಲ್ಲ, ಬೆರಳುಗಳು ದಪ್ಪ.
ಅವಳೇ ಇಸಿದುಕೊಂಡಳು.
ಅರ್ಧ ಮಿಲಿಮೀಟರಿನ ಮೊನೆ ಇದೆಯೇ ಎಂದು ಕೇಳಿದಳು.
ಇರಲಿಲ್ಲ. ಬುಧವಾರ ಬರುತ್ತದೆ ಎಂದೆ.