ಎಂಟರಲ್ಲಿ ಆರು ಪಾಲು

ಬಾನನ್ನು ಎಂಟು ಪಾಲು ಮಾಡಿ
ಎಷ್ಟು ಪಾಲು ಮೋಡವೆಂದು ಬರೆಯುವುದು ನನ್ನ ಕೆಲಸ.
ಬೆಳಗಿನ ಆರಕ್ಕೆ, ನಡುಹಗಲಿಗೆ, ಮತ್ತೆ ಸಂಜೆ ಆರಕ್ಕೆ,
ಫ್ಲೋರೆಸ್ ದ್ವೀಪದ ಪಡುವಣ ತುದಿಯಲ್ಲಿ
ಮೂವತ್ತೆಂಟು ವರ್ಷ.
ನನ್ನ ಕಿಟಕಿಯ ಆಚೆ, ಅಮೆರಿಕದವರೆಗೆ, ಬರೀ ನೀರು.

ಹಳೆಯ ಪುಸ್ತಕಗಳನ್ನೆಲ್ಲ ಹಾಳೆ ಹಾಳೆ ಸ್ಕ್ಯಾನ್ ಮಾಡಿ ಮುಗಿಸಿದ ಹುಡುಗ
ವಲ್ದೆಮಾರ್, ಬೆರಳಿನ ಧೂಳು ಒರೆಸಿಕೊಳ್ಳುತ್ತ,
‘ಇನ್ನು ಇವನ್ನು ಕ್ಲೌಡಿಗೆ ಹಾಕೋಣ, ದೋನಾ ಎರ್ಮೀನಿಯಾ’ ಅಂದ.
ನಕ್ಕುಬಿಟ್ಟೆ.
ಮಗೂ, ಮೋಡವನ್ನು ನಂಬಿ ಗಂಟು ಇಟ್ಟವರುಂಟೆ?
ಅದರ ನಡತೆ ನನ್ನನ್ನು ಕೇಳು:
ಏಳು ಪಾಲು ಇದ್ದದ್ದು
ಕಾಫಿ ಆರುವುದರೊಳಗೆ ಎರಡಾಗುತ್ತದೆ.

‘ಇದು ಆ ಮೋಡವಲ್ಲ.
ಉತ್ತರದ ಚಳಿನಾಡಲ್ಲಿ ಒಂದು ಕಟ್ಟಡ, ಕಿಟಕಿಗಳಿಲ್ಲ,
ಒಳಗೆ ಯಂತ್ರಗಳು ಹಗಲಿರುಳು ಗುಂಯ್‌ಗುಡುತ್ತವೆ.’
ಹಾಗಾದರೆ ಬಾನೇ ಕಾಣದ ಕೋಣೆಯಲ್ಲಿ
ನನ್ನ ಬಾನು.

ಬಾಗಿಲಿಗೊಂದು ಗುಟ್ಟಿನ ಮಾತು ಬೇಕಂತೆ.
ನಾಯಿಯ ಹೆಸರು ಹೇಳಿದೆ. ‘ಊರಿಗೇ ಗೊತ್ತು.’
ಗಂಡ ತೀರಿಕೊಂಡ ಇಸವಿ?
‘ಗೋರಿಯ ಕಲ್ಲಿನ ಮೇಲಿದೆಯಲ್ಲ’ ಎಂದವನು
ಆಮೇಲೆ ನಾಲಿಗೆ ಕಚ್ಚಿಕೊಂಡ.
ಕೊನೆಗೆ ಒಂದಕ್ಕೊಂದು ನಂಟಿಲ್ಲದ ನಾಲ್ಕು ಪದ ಪೋಣಿಸಿದೆ.
ಅವು ಈ ಸಾಲುಗಳಲ್ಲಿಲ್ಲ, ಹುಡುಕಬೇಡಿ.
ಅದು ಸಾಲದೆಂದು ಎರಡನೆಯ ಬೀಗ:
ಫೋನಿನಲ್ಲಿ ಹುಟ್ಟಿ, ಅರೆನಿಮಿಷದಲ್ಲಿ ಸಾಯುವ
ಆರು ಅಂಕಿ.
ಮತ್ತೊಂದು ಪ್ರತಿ ಡಿಸ್ಕಿನಲ್ಲಿ, ದ್ವೀಪದ ಆ ಮಗ್ಗುಲಲ್ಲಿ,
ತಂಗಿ ಲುದೊವೀನಾಳ ಒಣ ಬೀನ್ಸಿನ ಡಬ್ಬಿಯಲ್ಲಿ.
‘ಎರಡು ಮನೆ ಒಂದೇ ದಿನ ಉರಿಯುವುದಿಲ್ಲ, ತಗೋ ಇಡು’ ಅಂದಳು,
ಏನೆಂದೂ ಕೇಳದೆ.

ಮಾರ್ಚಿಯ ಒಂದು ಸಂಜೆ ಮಿಂಚಂಚೆ ಬಂತು:
ನಿಮ್ಮ ಪಾರ್ಸೆಲ್ ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಂಡಿದೆ, ಇಲ್ಲಿ ಒತ್ತಿ.
ಒತ್ತಿದವಳು ನಾನಲ್ಲ.
ನನಗೆ ಪಾಠ ಹೇಳಿದವನೇ, ಹೊಸ ಬೂಟಿಗಾಗಿ
ಹತ್ತು ದಿನದಿಂದ ಹಡಗು ಕಾಯುತ್ತಿದ್ದವನೇ.
ಪರದೆ ಕೆಂಪಾಯಿತು. ಒಂದೊಂದು ಕಡತಕ್ಕೂ
ಅರ್ಥವಿಲ್ಲದ ಬಾಲ ಮೂಡಿತು.
ಕೆಳಗೆ ಒಂದು ಮೊತ್ತ, ಒಂದು ಗಡುವು,
ತಪ್ಪು ಕಾಗುಣಿತದಲ್ಲಿ ಒಂದು ಬೆದರಿಕೆ.

ಅವನ ಕಿವಿಯೂ ಕೆಂಪು.
ಬೈಯಲಿಲ್ಲ. ಕೆಲಸಕ್ಕೆ ಸೇರಿದ ವರ್ಷ ನಾನೂ
ಯಾರೋ ಹೊಲ ಸುಟ್ಟ ಹೊಗೆಯನ್ನು
ಮೋಡವೆಂದು ಬರೆದು ಕಳಿಸಿದವಳು.
ಮೋಸ ಮೊದಲು ಮೋಡದಂತೆಯೇ ಕಾಣುತ್ತದೆ.
ತಂತಿ ಕಿತ್ತೆ.
ಗಂಟೆ ಆರಾಗಿತ್ತು, ಹೊರಗೆ ಹೋದೆ.
ಎಂಟರಲ್ಲಿ ಆರು ಪಾಲು. ವಾಯವ್ಯದ ಗಾಳಿ.
ಅಂಗೈ ಮೇಲೆ ಬರೆದುಕೊಂಡೆ.

ದುಡ್ಡು ಕೊಡಲಿಲ್ಲ.
ಬೇರೆ ಯಂತ್ರ ತರಿಸಿ, ನಾಲ್ಕು ಪದ ಹೇಳಿ, ಆರು ಅಂಕಿ ಒತ್ತಿ
ಇಡೀ ರಾತ್ರಿ ಕೂತೆವು.
ಕಡಲ ತಳದ ತಂತಿಯಲ್ಲಿ ಹನಿಹನಿಯಾಗಿ
ಹಳೆಯ ಆಕಾಶಗಳು ಮರಳಿದವು.
ತೊಂಬತ್ತೊಂದರ ಡಿಸೆಂಬರ್, ಚಂಡಮಾರುತ.
ಮಗಳು ಹುಟ್ಟಿದ ಬೆಳಗು: ಎಂಟಕ್ಕೆ ಎಂಟು,
ಯಾರದೋ ಅಕ್ಷರ, ನಾನು ರಜೆಯಲ್ಲಿದ್ದೆ.
ಅವತ್ತು ಅಷ್ಟು ಮೋಡವಿತ್ತೆಂದು
ನನಗೆ ಗೊತ್ತೇ ಇರಲಿಲ್ಲ.

ಎಲ್ಲ ಬಂತು.
ಹನ್ನೊಂದು ದಿನ ಬರಲಿಲ್ಲ.
‘ಜಾಗ ತುಂಬಿದೆ’ ಎಂದು ಹಳದಿ ಚೀಟಿ ಏಳುತ್ತಿತ್ತು ಮೂಲೆಯಲ್ಲಿ,
ದಿನವೂ ‘ನಾಳೆ’ ಒತ್ತುತ್ತಿದ್ದೆ.
ಅದು ಮಾತ್ರ ನನ್ನ ಬೆರಳು.
ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಎಂಬಂತೆ
ಮರುದಿನವೇ ಜಾಗ ಕೊಂಡೆ,
ಅಂಗಡಿಯಿಂದ ಗೆರೆ ಎಳೆದ ನೋಟ್‌ಬುಕ್ಕೂ ಒಂದು.

‘ಪಕ್ಕದ ದ್ವೀಪದ ಲೆಕ್ಕ ನೋಡಿ ತುಂಬಿಸೋಣವೆ?
ಹೆಚ್ಚುಕಡಿಮೆ ಸರಿಹೋಗುತ್ತೆ.’
ಬೇಡಪ್ಪ.
ಹನ್ನೊಂದು ಸಾಲು ಖಾಲಿ ಬಿಟ್ಟು
ಷರಾ ಬರೆಯುವ ಕಡೆ ಬರೆದೆ:
ನೋಡಿದ್ದೆ. ಉಳಿಸಲಿಲ್ಲ.